‘ಸುಲಭ’ ಅಂತ ಬೋರ್ಡಿತ್ತು, 4ನೇ ಕಿಲೋಮೀಟರಿಗೆ ಎಲ್ಲರೂ ಅಳುತ್ತಿದ್ದೆವು

ಇಬ್ಬರ_ಅಮ್ಮ

ಹೋದ ಭಾನುವಾರ ನಾವು ನಾಲ್ಕು ಜನ ಕಾಡಿನೊಳಗಿನ ಸೈಕಲ್ ದಾರಿಗೆ ಹೋಗಿದ್ದೆವು. ಮಗಳಿಗೆ 7 ವರ್ಷ, 20 ಇಂಚಿನ ಚಕ್ರದ, ಗೇರಿಲ್ಲದ ಸೈಕಲ್. ಮಗನಿಗೆ 3. ಅವನು ಅಪ್ಪನ ಸೈಕಲ್ಲಿನ ಹಿಂದಿನ ಮಕ್ಕಳ ಸೀಟಿನಲ್ಲಿ. ದಾರಿ ಶುರುವಾಗುವಲ್ಲಿ ಹಸಿರು ಬೋರ್ಡು: 12 ಕಿ.ಮೀ., ಸುಲಭ, ಕುಟುಂಬಕ್ಕೆ ಸೂಕ್ತ. ಮಗಳು ದಿನಾ ಸಂಜೆ ಮನೆ ಸುತ್ತ ದಣಿವಿಲ್ಲದೆ ಸುತ್ತುವವಳು. 12 ಏನು ಮಹಾ ಅಂದುಕೊಂಡೆವು.

ಮೊದಲ 3 ಕಿ.ಮೀ. ಸಂಭ್ರಮವೋ ಸಂಭ್ರಮ. ಪೆಡಲ್ ತುಳಿಯುವುದೇ ಬೇಡ, ಸೈಕಲ್ ತಾನಾಗಿ ಓಡುತ್ತಿತ್ತು. ಮಗಳು ಎರಡೂ ಕಾಲು ಅಗಲಿಸಿಕೊಂಡು ಕೂಗುತ್ತಾ ಹೋದಳು. ಆಮೇಲೆ ಒಂದು ತಿರುವು, ಅದರಾಚೆ ಏರು. ಕಣ್ಣಿಗೆ ಏರು ಅಂತ ಅನ್ನಿಸುವುದೇ ಇಲ್ಲ, ತುಳಿದರೆ ಗೊತ್ತಾಗುತ್ತದೆ. ಮೇಲೆ ಉದುರು ಜಲ್ಲಿ ಬೇರೆ. 200 ಮೀಟರಿಗೆ ಇಳಿದು ತಳ್ಳಿದಳು. ಇನ್ನೊಂದು 100 ಮೀಟರಿಗೆ ಸೈಕಲ್ಲನ್ನು ಪಕ್ಕಕ್ಕೆ ಬಿಸಾಕಿ, ‘ನಾನು ಇನ್ಮೇಲೆ ಸೈಕಲ್ಲೇ ಹೊಡೆಯಲ್ಲ’ ಅಂದುಬಿಟ್ಟಳು. ಅಷ್ಟರಲ್ಲಿ ಚಿಕ್ಕವನಿಗೆ ನಿದ್ದೆ. ಕುತ್ತಿಗೆ ಒಂದು ಕಡೆ ವಾಲಿ ತೂಗಾಡುತ್ತಿತ್ತು. ಇವರು ಒಂದು ಕೈಯಲ್ಲಿ ಮಗುವಿನ ತಲೆ, ಇನ್ನೊಂದರಲ್ಲಿ ಹ್ಯಾಂಡಲ್. ನಾನು ಎರಡು ಸೈಕಲ್ ತಳ್ಳಿಕೊಂಡು ಹಿಂದೆ. 4 ಅಂತ ಬರೆದ ಕಂಬ ಕಂಡಾಗ ನನಗೂ ಕಣ್ಣಲ್ಲಿ ನೀರು ಬಂತು.

ನನ್ನ ಪ್ರಶ್ನೆ ಇಷ್ಟೇ. ಸುಲಭ ಅಂದರೆ ಯಾರಿಗೆ ಸುಲಭ? ಒಂದು ದಾರಿ ಮಕ್ಕಳಿಗೆ ಆಗುತ್ತೋ ಇಲ್ವೋ ಅಂತ ಹೋಗುವ ಮೊದಲೇ ತಿಳಿಯುವುದು ಹೇಗೆ?

ಜಲ್ಲಿರಸ್ತೆ

ತಪ್ಪು ತಿಳಿಯಬೇಡಿ ಮೇಡಂ, 12 ಕಿ.ಮೀ. ಏನೂ ಅಲ್ಲ. ನನ್ನ ಮಗ 7ಕ್ಕೇ 25 ಹೊಡೆಯುತ್ತಿದ್ದ. ಅಭ್ಯಾಸ ಬೇಕು ಅಷ್ಟೇ.

ಇಬ್ಬರ_ಅಮ್ಮ

ತಪ್ಪೇ ತಿಳಿದುಕೊಂಡೆ.

ಬೆಲ್_ಹೊಡಿ

😂😂 ಮೊದಲ ಉತ್ತರಕ್ಕೇ ಪಂಕ್ಚರ್.

ಹಳೆ_ಚೈನ್

ತಾಯಿ, ತಪ್ಪು ನಿಮ್ಮದಲ್ಲ. ಬೋರ್ಡಿನದೂ ಪೂರ್ತಿ ಅಲ್ಲ. ಆ ಹಸಿರು ಬಣ್ಣ ಏನು ಹೇಳುತ್ತದೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ, ಅಲ್ಲೇ ಎಡವಟ್ಟು.

ಹಸಿರು, ನೀಲಿ, ಕೆಂಪು, ಕಪ್ಪು ಅನ್ನುವ ಬಣ್ಣಗಳು ಸ್ಕೀ ಮಾಡುವ ಇಳಿಜಾರುಗಳಿಂದ ಸೈಕಲ್ ದಾರಿಗೆ ಬಂದವು. ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಅಂತ ಒಂದು ಸಂಘ ಇದೆ, 1988ರಲ್ಲಿ ಶುರುವಾದದ್ದು. ಅವರ ಪದ್ಧತಿಯಲ್ಲಿ ಬಿಳಿ ವೃತ್ತ ಅತಿ ಸುಲಭ. ಆಮೇಲೆ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ. ಇದರಲ್ಲಿ ಅವರು ಅಳೆಯುವುದು ದಾರಿ ಎಷ್ಟು ಅಗಲ, ನೆಲ ಎಷ್ಟು ಗಟ್ಟಿ, ಎಷ್ಟು ಕಡಿದು, ಕಲ್ಲು ಬೇರು ಎಷ್ಟು ಎತ್ತರ ಅನ್ನುವುದನ್ನು. ಅಂದರೆ ಸೈಕಲ್ ನಡೆಸುವ ಕೈಚಳಕ ಎಷ್ಟು ಬೇಕು ಅಂತ. ಎಷ್ಟು ಸುಸ್ತಾಗುತ್ತದೆ ಅನ್ನುವುದು ಆ ಲೆಕ್ಕದಲ್ಲೇ ಇಲ್ಲ. 40 ಕಿ.ಮೀ. ಉದ್ದದ ದಾರಿಯೂ ಹಸಿರೇ ಆಗಬಹುದು.

ನಿಮ್ಮ ಬೋರ್ಡು ಹೇಳಿದ್ದು ‘ಬೀಳಲ್ಲ’ ಅಂತ. ನೀವು ಓದಿಕೊಂಡದ್ದು ‘ದಣಿಯಲ್ಲ’ ಅಂತ.

ನಿಧಾನಸ್ಥ

ಇದು ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಹಸಿರು ಕಂಡರೆ ಹೊರಟುಬಿಡುತ್ತಿದ್ದೆ.

ನಕ್ಷೆಪ್ರಿಯ

ಚೈನ್ ಅಣ್ಣ ಹೇಳಿದ್ದು ಸರಿ. ಆದರೆ ಅವರೂ ಪೂರ್ತಿ ಹೇಳಲಿಲ್ಲ. ಹಸಿರು ದಾರಿಗೆ ಆ ಪದ್ಧತಿಯಲ್ಲಿ ಸರಾಸರಿ ಏರು ನೂರಕ್ಕೆ 5ರ ಒಳಗಿರಬೇಕು ಅಂತ ಇದೆ, ಅಂದರೆ 100 ಮೀಟರ್ ಹೋದರೆ 5 ಮೀಟರ್ ಮೇಲೆ. ಆದರೆ ಅದು ಸರಾಸರಿ. ಕೆಲವು ಕಡೆ ನೂರಕ್ಕೆ 15ರವರೆಗೂ ಬಿಡುತ್ತಾರೆ. ಗೇರಿಲ್ಲದ ಸೈಕಲ್ಲಿಗೆ 15 ಅಂದರೆ ಗೋಡೆ.

ಇನ್ನೊಂದು ವಿಷಯ. ನಿಮ್ಮ ಕಥೆಯಲ್ಲಿ ನನಗೆ ಎದ್ದು ಕಂಡದ್ದು ಏರಲ್ಲ, ಮೊದಲ 3 ಕಿ.ಮೀ. ಇಳಿತ. ಕಾಡಿನ ದಾರಿ ಎಷ್ಟೋ ಕಡೆ ಮೇಲಿನ ಜಾಗದಿಂದ ಶುರುವಾಗುತ್ತದೆ, ಗಾಡಿ ನಿಲ್ಲಿಸಲು ಸಮತಟ್ಟು ಜಾಗ ಸಿಗುವುದು ಅಲ್ಲೇ. ಹೋಗುವಾಗ ಜಾರುಬಂಡೆ. ಬರುವಾಗ ಅದೇ ಜಾರುಬಂಡೆಯನ್ನು ಹತ್ತಬೇಕು, ಅದೂ ದಣಿದ ಕಾಲಿನಲ್ಲಿ, ಹಸಿದ ಹೊಟ್ಟೆಯಲ್ಲಿ. ನೂರಕ್ಕೆ 3ರಂತೆ 3 ಕಿ.ಮೀ. ಇಳಿದರೂ 90 ಮೀಟರ್ ಕೆಳಗೆ ಬಂದಿರುತ್ತೀರಿ. ಮೂವತ್ತು ಮಹಡಿ ಕಟ್ಟಡದ ಮೆಟ್ಟಿಲು ಅಂತ ಇಟ್ಟುಕೊಳ್ಳಿ.

ಹೋಗುವ ಮೊದಲು ಎತ್ತರದ ಗೆರೆಗಳಿರುವ ನಕ್ಷೆ ನೋಡಿ. ಫೋನಿನಲ್ಲೇ ಸಿಗುತ್ತದೆ. ನಿಮ್ಮ ದಾರಿ ಆ ಗೆರೆಗಳ ಜೊತೆಜೊತೆಗೇ ಹೋಗುತ್ತಿದ್ದರೆ ಸಮತಟ್ಟು. ಒಂದಾದ ಮೇಲೊಂದು ಗೆರೆ ಕಡಿಯುತ್ತಾ ಹೋದರೆ ಏರು ಅಥವಾ ಇಳಿತ. ಎಷ್ಟು ಗೆರೆ ಕಡಿಯುತ್ತದೆ ಅಂತ ಎಣಿಸಿ, ಸಾಕು. ಕಿಲೋಮೀಟರ್ ಎಣಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಜಲ್ಲಿರಸ್ತೆ

ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗೋಕೆ ಸರ್ವೆ ಇಲಾಖೆಯ ಟ್ರೇನಿಂಗ್ ಬೇಕೇನ್ರಿ? ಹೋಗಿ, ಸುಸ್ತಾದರೆ ಕೂತ್ಕೊಳ್ಳಿ, ಎದ್ದು ಬನ್ನಿ.

ನಕ್ಷೆಪ್ರಿಯ

ಎರಡು ನಿಮಿಷದ ಕೆಲಸ ಸ್ವಾಮಿ. ಟಯರಿಗೆ ಗಾಳಿ ಹೊಡೆಯುವುದಕ್ಕಿಂತ ಬೇಗ.

ಗೇರಿಲ್ಲದವ

ಯಾರೂ ಮಗುವಿನ ಸೈಕಲ್ಲಿನ ತೂಕದ ಬಗ್ಗೆ ಮಾತಾಡುತ್ತಿಲ್ಲ ಯಾಕೆ? 7 ವರ್ಷದ ಹುಡುಗಿ ಸುಮಾರು 22 ಕೆ.ಜಿ. ಇರುತ್ತಾಳೆ. ಕಬ್ಬಿಣದ 20 ಇಂಚಿನ ಸೈಕಲ್ 11–12 ಕೆ.ಜಿ. ತೂಗುತ್ತದೆ. ಅವಳ ಅರ್ಧ ತೂಕ. 65 ಕೆ.ಜಿ. ಇರುವ ಜಲ್ಲಿರಸ್ತೆ ಸಾಹೇಬರಿಗೆ 33 ಕೆ.ಜಿ. ಸೈಕಲ್ ಕೊಟ್ಟು, ಗೇರೆಲ್ಲ ಕಿತ್ತು, ಜಲ್ಲಿ ಏರು ಹತ್ತಿಸೋಣ. ಆಮೇಲೆ ಅಭ್ಯಾಸದ ಬಗ್ಗೆ ಮಾತಾಡಲಿ.

ಜಲ್ಲಿರಸ್ತೆ

ನಾನು 78 ಕೆ.ಜಿ. ಇದ್ದೀನಿ. ಆದರೂ ಇದು ಒಳ್ಳೆ ಮಾತು, ಒಪ್ಪಿದೆ. ನನ್ನ ಮಗನದ್ದು ಅಲ್ಯೂಮಿನಿಯಂ ಸೈಕಲ್, 6 ಗೇರು. ಅದನ್ನು ಹೇಳಬೇಕಿತ್ತು.

ಬೆಲ್_ಹೊಡಿ

ಅಬ್ಬಾ, ಒಪ್ಪಿಕೊಂಡರು! ಯಾರಾದರೂ ಫೋಟೋ ತೆಗೆದಿಟ್ಟುಕೊಳ್ಳಿ.

ಹಳೆ_ಚೈನ್

ಗೇರಿಲ್ಲದಿದ್ದರೂ ಸೀಟಿನ ಎತ್ತರ ಒಮ್ಮೆ ನೋಡಿ. ಕಲಿಯುವಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಲಿ ಅಂತ ತಗ್ಗಿಸಿರುತ್ತೇವೆ. ಕಲಿತು ವರ್ಷವಾದರೂ ಅಲ್ಲೇ ಬಿಟ್ಟಿರುತ್ತೇವೆ. ಮಂಡಿ ಎದೆಗೆ ಬಡಿಯುವ ಹಾಗೆ ಕೂತು ಏರು ತುಳಿಯುವುದು ಎಂದರೆ ಅರ್ಧ ಬಸ್ಕಿ ಹೊಡೆದ ಹಾಗೆ. ಪೆಡಲ್ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೇರ ಆಗಬೇಕು, ಮಂಡಿ ಸ್ವಲ್ಪ ಮಾತ್ರ ಮಡಿಚಿರಬೇಕು. ನಿಂತಾಗ ಕಾಲ್ಬೆರಳು ನೆಲಕ್ಕೆ ತಾಗಿದರೆ ಸಾಕು. ಒಂದೇ ಸಲ ಏರಿಸಬೇಡಿ, ಹೆದರುತ್ತಾಳೆ. ವಾರಕ್ಕೆ ಒಂದು ಬೆರಳಗಲ.

ಇನ್ನೊಂದು ಗಾಳಿ. ಟಯರಿನ ಪಕ್ಕದಲ್ಲೇ ಎಷ್ಟರಿಂದ ಎಷ್ಟರವರೆಗೆ ಹೊಡೆಯಬಹುದು ಅಂತ ಅಚ್ಚಾಗಿರುತ್ತದೆ. ನಾವು ಸುಮ್ನೆ ಮೇಲಿನ ಅಂಕಿಗೆ ಹೊಡೆದು ಕಲ್ಲಿನ ಹಾಗೆ ಮಾಡುತ್ತೇವೆ. ಮಗು ಹಗುರ, ಟಯರ್ ಗಟ್ಟಿ, ಜಲ್ಲಿಯ ಮೇಲೆ ಸೈಕಲ್ ಚೆಂಡಿನ ಹಾಗೆ ಪುಟಿಯುತ್ತದೆ. ಕೈ ಜೋಮು ಹಿಡಿಯುತ್ತದೆ. ಜಲ್ಲಿ, ಮರಳಿನ ದಾರಿಗೆ ಕೆಳಗಿನ ಅಂಕಿಯ ಹತ್ತಿರ ಇಡಿ.

ಚಿಕ್ಕಪ್ಪ_ನಾನು

ಗಾಳಿ ಕಡಿಮೆ ಮಾಡಿದರೆ ಪಂಕ್ಚರ್ ಆಗುತ್ತೆ ಅಣ್ಣ.

ಹಳೆ_ಚೈನ್

ಅಚ್ಚಾದ ಕೆಳಗಿನ ಅಂಕಿಗಿಂತ ಕಡಿಮೆ ಮಾಡಿದರೆ ಆಗುತ್ತದೆ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತು ಬೀಳುತ್ತವೆ, ಹಾವು ಕಚ್ಚಿದ ಹಾಗೆ. 22 ಕೆ.ಜಿ. ಹುಡುಗಿಗೆ ಆ ಭಯ ಕಡಿಮೆ. ಹಿಂದೆ ಮಗು ಕೂರಿಸಿಕೊಂಡ ಅಪ್ಪನಿಗೆ ಮಾತ್ರ ಹಿಂದಿನ ಟಯರ್ ಗಟ್ಟಿಯಾಗೇ ಇರಲಿ.

ಮೂರ್_ಚಕ್ರ

ನಾನು ಚಿಕ್ಕವನ ಬಗ್ಗೆ ಹೇಳುತ್ತೇನೆ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಗುವಿನ ತಲೆ ಹಿಡಿದುಕೊಂಡು ಒಂದೂವರೆ ಗಂಟೆ ನಡೆದ ಅನುಭವ ನನಗೂ ಇದೆ. ಆ ಸೀಟುಗಳ ಯುರೋಪಿನ ಮಾನದಂಡ ಇಎನ್ 14344. ಹಿಂದಿನ ಸೀಟು 9ರಿಂದ 22 ಕೆ.ಜಿ.ವರೆಗೆ. 3 ವರ್ಷದವನು ತೂಕದ ಲೆಕ್ಕದಲ್ಲಿ ಸರಿ. ನಿದ್ದೆಯ ಲೆಕ್ಕ ಯಾವ ಮಾನದಂಡದಲ್ಲಿದೆ?

ಸೀಟು ಬಿಟ್ಟು ಹಿಂದೆ ಎಳೆಯುವ ಟ್ರೇಲರ್ ತಗೊಂಡೆವು. ಎರಡು ಚಕ್ರದ ಪುಟ್ಟ ಗಾಡಿ, ಮೇಲೆ ಬಲೆ. ನಿದ್ದೆ ಬಂದರೆ ಅಲ್ಲೇ ಒರಗುತ್ತದೆ. ಸೈಕಲ್ ಬಿದ್ದರೂ ಜೋಡಣೆ ತಿರುಗುವುದರಿಂದ ಗಾಡಿ ಬೀಳಲ್ಲ. ನನಗೆ ಇದೇ ಇಷ್ಟ.

ಗೇರಿಲ್ಲದವ

ಟ್ರೇಲರ್ ಬೀಳಲ್ಲ ಅಂತ ಹಾಗೆ ಬರೆಯಬೇಡಿ. ತಿರುವಿನಲ್ಲಿ ಒಂದು ಚಕ್ರ ಕಲ್ಲಿನ ಮೇಲೋ ಬೇರಿನ ಮೇಲೋ ಹತ್ತಿದರೆ ಮಗುಚುತ್ತದೆ. ನನ್ನ ತಂಗಿಯದ್ದು ಹಾಗೇ ಆಯಿತು. ಬೆಲ್ಟ್ ಹಾಕಿದ್ದಕ್ಕೆ ಮಗುವಿಗೆ ಏನೂ ಆಗಲಿಲ್ಲ, ತಲೆಕೆಳಗಾಗಿ ನೇತಾಡಿಕೊಂಡು ನಗುತ್ತಿತ್ತಂತೆ. ಇವಳಿಗೆ ಮಾತ್ರ ಕೈಕಾಲು ನಡುಕ.

ಅದೂ ಅಲ್ಲದೆ ಕಾಡಿನ ಬಾಯಲ್ಲಿ ಗಾಡಿಗಳು ನುಗ್ಗದ ಹಾಗೆ ಕಂಬ ನೆಟ್ಟಿರುತ್ತಾರೆ. ಸೈಕಲ್ ನುಸುಳುತ್ತದೆ, ಟ್ರೇಲರ್ ನುಸುಳಲ್ಲ. ಬಿಚ್ಚಿ, ಎತ್ತಿ, ಜೋಡಿಸಿ. ಮೊದಲೇ ಅಳತೆ ತಿಳಿದುಕೊಂಡು ಹೋಗಿ.

ಮೂರ್_ಚಕ್ರ

ಒಪ್ಪಿದೆ. ತಿರುವಿನಲ್ಲಿ ನಡಿಗೆಯ ವೇಗ, ಒಳಗೂ ಹೆಲ್ಮೆಟ್, ಬೆಲ್ಟ್. ಮುಂದಿನ ಬಲೆ ಮುಚ್ಚಿಡಿ, ಇಲ್ಲದಿದ್ದರೆ ನಿಮ್ಮ ಹಿಂದಿನ ಚಕ್ರದ ಜಲ್ಲಿಯೆಲ್ಲ ಮಗುವಿನ ಮುಖಕ್ಕೆ.

ಅಜ್ಜಿ_63

ನಾನು ಮೊಮ್ಮಗುವನ್ನು ಸೀಟಿನಲ್ಲೇ ಕೂರಿಸಿಕೊಂಡು ಹೋಗುವವಳು. ಮೂರು ಮಾತು ಹೇಳುತ್ತೇನೆ ಕಂದಾ. ಮಗುವನ್ನು ಸೀಟಿನಲ್ಲಿ ಬಿಟ್ಟು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಎಂದಿಗೂ ಕೈ ಬಿಡಬೇಡಿ, ಫೋಟೋ ತೆಗೆಯೋಕೂ ಬೇಡ. ಅಪ್ಪ ಕೂರುವ ಸೀಟಿನ ಕೆಳಗೆ ಸುರುಳಿ ಸ್ಪ್ರಿಂಗ್ ಇದ್ದರೆ ಅದಕ್ಕೆ ಕವರ್ ಹಾಕಿ, ಹಿಂದೆ ಕೂತ ಮಗು ಬೆರಳು ತೂರಿಸುತ್ತದೆ. ಅಪ್ಪ ಕೂತರೆ ಸ್ಪ್ರಿಂಗ್ ಮುಚ್ಚುತ್ತದೆ. ಇನ್ನು ಕಾಲಿನ ಪಟ್ಟಿ. ಅದನ್ನು ಬಿಗಿಯದೆ ಹೊರಡಲೇಬೇಡಿ, ಕಾಲು ಚಕ್ರದ ಕಡ್ಡಿಗೆ ಹೋಗುತ್ತದೆ.

ನಿದ್ದೆ ಬರುವ ಹೊತ್ತು ಯಾವುದು ಅಂತ ಅಮ್ಮನಿಗೆ ಗೊತ್ತಿರುತ್ತದೆ ಅಲ್ವಾ. ಆ ಹೊತ್ತಿಗೆ ಮರದ ಕೆಳಗೆ ಬಟ್ಟೆ ಹಾಸಿ. ಅದಕ್ಕೆ ಯಾಕೆ ಇಷ್ಟು ಚರ್ಚೆ?

ಇಬ್ಬರ_ಅಮ್ಮ

ಅಜ್ಜಿ, ನಮ್ಮದು ಸ್ಪ್ರಿಂಗ್ ಸೀಟೇ! ಈಗಲೇ ಹೋಗಿ ನೋಡಿ ಬಂದೆ. ಹಳೇ ಟ್ಯೂಬ್ ಕತ್ತರಿಸಿ ಸುತ್ತಿಸುತ್ತೇನೆ.

ಬೆಲ್_ಹೊಡಿ

ಇ-ಸೈಕಲ್ ತಗೊಳ್ಳಿ, ಎಲ್ಲ ತಲೆನೋವು ಮುಗೀತು.

ಗೇರಿಲ್ಲದವ

ಅಪ್ಪನಿಗೆ ಮುಗೀತು. ಮಗಳಿಗೆ?

ಬೆಲ್_ಹೊಡಿ

ಅಪ್ಪನ ಸೈಕಲ್ಲಿಗೆ ಹಗ್ಗ ಕಟ್ಟಿ ಎಳೆಯುವುದು. ಎಳೆದರೆ ಹಿಗ್ಗುವ ಹಗ್ಗ ಬರುತ್ತದೆ, ಸೈಕಲ್ಲಿಗೆಂದೇ ಮಾಡಿದ್ದು. ನಾನು ಇಬ್ಬರು ಮಕ್ಕಳನ್ನು ಹಾಗೇ ಏರು ಹತ್ತಿಸಿದ್ದೇನೆ.

ಹಳೆ_ಚೈನ್

ಏರಿಗೆ ಮಾತ್ರ. ಸಮತಟ್ಟು ಬಂದ ಕೂಡಲೇ ಬಿಚ್ಚಿ. ಇಳಿತದಲ್ಲಿ ಹಗ್ಗ ಸಡಿಲವಾಗಿ ಮುಂದಿನ ಚಕ್ರಕ್ಕೆ ಸುತ್ತಿಕೊಂಡರೆ ಮಗು ಹ್ಯಾಂಡಲ್ ಮೇಲಿಂದ ಹಾರುತ್ತದೆ. ಮನೆಯಲ್ಲಿರುವ ಸಾದಾ ಹಗ್ಗ ಅಂತೂ ಬೇಡವೇ ಬೇಡ. ಜಗ್ಗಿದ ಹೊಡೆತಕ್ಕೇ ಬೀಳಿಸುತ್ತದೆ.

ಕಾಡಂಚು

ಕಾಡಿನ ಕೆಲಸದಲ್ಲಿ ತುಂಬಾ ವರ್ಷ ಇದ್ದವನು ನಾನು. ನೀವೆಲ್ಲ ಸೈಕಲ್ ಬಗ್ಗೆ ಮಾತಾಡುತ್ತಿದ್ದೀರಿ, ಕಾಡಿನ ಬಗ್ಗೆ ಒಬ್ಬರೂ ಇಲ್ಲ.

ಒಂದು, ದಿಮ್ಮಿ ರಾಶಿ. ದಾರಿ ಪಕ್ಕದಲ್ಲಿ ಕಡಿದ ದಿಮ್ಮಿ ಪೇರಿಸಿರುತ್ತೇವೆ. ಮಕ್ಕಳಿಗೆ ಅದು ಮೆಟ್ಟಿಲಿನ ಹಾಗೆ ಕಾಣುತ್ತದೆ. ಅಪ್ಪಂದಿರೇ ಮೇಲೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅದನ್ನು ಯಾರೂ ಕಟ್ಟಿರುವುದಿಲ್ಲ. ಒಂದೊಂದು ದಿಮ್ಮಿ ಕ್ವಿಂಟಲ್‌ಗಟ್ಟಲೆ. ಕೆಳಗಿನದೊಂದು ಅರ್ಧ ಸುತ್ತು ಉರುಳಿದರೆ ಇಡೀ ರಾಶಿ ಹೊರಡುತ್ತದೆ, ಕೂಗೋಕೂ ಸಮಯ ಸಿಗಲ್ಲ. ಮಗು ಮಾತ್ರ ಅಲ್ಲ, ನೀವೂ ಹತ್ತಬೇಡಿ, ಕೂರಬೇಡಿ.

ಎರಡು, ಮರ ಕಡಿಯುವ ಕೆಲಸ ನಡೆಯುತ್ತಿದೆ ಅಂತ ದಾರಿ ಮುಚ್ಚಿದ್ದರೆ ಪಟ್ಟಿಯ ಕೆಳಗೆ ನುಗ್ಗಬೇಡಿ. ಬೀಳುವ ಮರದಿಂದ ಕನಿಷ್ಠ ಎರಡು ಮರದುದ್ದ ದೂರ ಇರಬೇಕು ಅನ್ನುವುದು ನಮ್ಮ ನಿಯಮ. ಮೆಷಿನ್ ಒಳಗೆ ಕೂತವನಿಗೆ ಸೈಕಲ್ ಬಂದದ್ದು ಕಾಣಲ್ಲ, ಕೇಳುವುದಂತೂ ಇಲ್ಲವೇ ಇಲ್ಲ. ‘ಇವತ್ತು ರಜೆ, ಯಾರೂ ಇಲ್ಲ’ ಅಂತ ನುಗ್ಗುವವರೂ ಇದ್ದಾರೆ. ಅರ್ಧ ಕಡಿದು ಇನ್ನೊಂದು ಮರಕ್ಕೆ ಒರಗಿ ನಿಂತ ಮರ ರಜೆ ನೋಡಿಕೊಂಡು ಬೀಳಲ್ಲ.

ಮೂರು, ಗಾಳಿ ಜೋರಿದ್ದ ದಿನ ಮನೆಯಲ್ಲಿರಿ. ಗಾಳಿ ನಿಂತ ಮಾರನೇ ದಿನವೂ ಮೇಲೆ ನೋಡಿಕೊಂಡು ಹೋಗಿ. ಮುರಿದ ಕೊಂಬೆ ಇನ್ನೊಂದರಲ್ಲಿ ಸಿಕ್ಕಿ ನೇತಾಡುತ್ತಿರುತ್ತದೆ.

ನಿಧಾನಸ್ಥ

ದಿಮ್ಮಿ ರಾಶಿ ಮೇಲೆ ನಮ್ಮ ಮದುವೆ ಫೋಟೋನೇ ಇದೆ. ಹೆಂಡತಿಗೆ ತೋರಿಸಿದೆ, ‘ಆಗಲೇ ಉರುಳಿದ್ದರೆ ಚೆನ್ನಾಗಿತ್ತು’ ಅಂದಳು.

ಜಲ್ಲಿರಸ್ತೆ

ಕಾಡಂಚು ಅವರೇ, ಒಂದು ಪ್ರಶ್ನೆ. ಮಳೆ ಬಂದ ಮೇಲೆ ದಾರಿ ಮಧ್ಯ ನೀರು ನಿಂತಿರುತ್ತದೆ. ನಾನು ಪಕ್ಕದಲ್ಲಿ ಹುಲ್ಲಿನ ಮೇಲೆ ಹಾದು ಹೋಗುತ್ತೇನೆ. ಹೋದ ತಿಂಗಳು ಒಬ್ಬರು ಬೈದರು.

ಕಾಡಂಚು

ಸರಿಯಾಗೇ ಬೈದಿದ್ದಾರೆ. ಎಲ್ಲರೂ ಪಕ್ಕಕ್ಕೆ ಸರಿದರೆ ಹುಲ್ಲು ಸತ್ತು, ಅಲ್ಲೂ ಕೆಸರಾಗಿ, ಮುಂದಿನವರು ಇನ್ನೂ ಪಕ್ಕಕ್ಕೆ ಹೋಗುತ್ತಾರೆ. ನಾಲ್ಕಡಿ ದಾರಿ ಎರಡು ವರ್ಷಕ್ಕೆ ಹನ್ನೆರಡು ಅಡಿ. ನೀರು ಆಳವಿಲ್ಲದಿದ್ದರೆ ನಡುವೆಯೇ ಹೋಗಿ.

ಅಜ್ಜಿ_63

ಮಗುವಿನ ಜೊತೆ ಕಾಣದ ನೀರಿಗೆ ಇಳಿಯಬೇಡಿ. ಇಳಿದು ಕೋಲು ಹಾಕಿ ನೋಡಿ, ಇಲ್ಲ ತಳ್ಳಿಕೊಂಡು ಹೋಗಿ. ದಾರಿ ಕೆಟ್ಟರೆ ಸರಿ ಮಾಡಬಹುದು.

ಕಾಡಂಚು

ಅಮ್ಮಾ, ಸರಿ ಮಾಡುವವನು ನಾನೇ. ಆದರೂ ನೀವು ಹೇಳಿದ್ದೇ ಸರಿ. ಅಷ್ಟು ಮಳೆ ಬಂದಿದ್ದರೆ ಎರಡು ದಿನ ಬಿಟ್ಟು ಬಂದರೆ ಎಲ್ಲರಿಗೂ ಒಳ್ಳೆಯದು.

ಚಿಕ್ಕಪ್ಪ_ನಾನು

ಬೇರಿನ ಬಗ್ಗೆ ಯಾರಾದರೂ ಹೇಳಿ. ನನ್ನ ಅಣ್ಣನ ಮಗ ಎರಡು ಸಲ ಬಿದ್ದ. ಎರಡೂ ಸಲ ಬೇರಿನಿಂದಲೇ.

ಹಳೆ_ಚೈನ್

ಬೇರನ್ನು ಓರೆಯಾಗಿ ಹತ್ತಿದರೆ ಚಕ್ರ ಅದರ ಜೊತೆಗೇ ಜಾರಿಕೊಂಡು ಹೋಗುತ್ತದೆ. ನೇರ ಅಡ್ಡಲಾಗಿ ದಾಟಬೇಕು, ದಾಟುವಾಗ ಬ್ರೇಕ್ ಹಿಡಿಯಬಾರದು. ವೇಗ ಮೊದಲೇ ತಗ್ಗಿಸಿ, ಬೇರಿನ ಮೇಲೆ ಬೆರಳು ಸಡಿಲ. ಒದ್ದೆ ಬೇರು ಸೋಪಿನ ಹಾಗೆ, ಅಲ್ಲಿ ಇಳಿದುಬಿಡಿ.

ಬ್ರೇಕ್ ಅಂದಾಗ ನೆನಪಾಯಿತು. ಮಕ್ಕಳ ಸೈಕಲ್ಲಿನ ಬ್ರೇಕ್ ಹಿಡಿಯ ಹತ್ತಿರ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಬ್ರೇಕ್ ಹಿಡಿ ಹ್ಯಾಂಡಲ್ಲಿಗೆ ಹತ್ತಿರ ಬರುತ್ತದೆ. ಎಷ್ಟೋ ಮಕ್ಕಳಿಗೆ ಬೆರಳೇ ಎಟುಕುವುದಿಲ್ಲ. ನಾವು ‘ಬ್ರೇಕ್ ಹಿಡಿ, ಬ್ರೇಕ್ ಹಿಡಿ’ ಅಂತ ಕೂಗುತ್ತಿರುತ್ತೇವೆ. ಅದು ಕಾಲು ಉಜ್ಜಿಕೊಂಡು ನಿಲ್ಲುತ್ತದೆ, ಪಾಪ.

ನಿಧಾನಸ್ಥ

ನನ್ನ ಕಡೆಯಿಂದ ಒಂದು. ಕಾಡಲ್ಲಿ ಕಪ್ಪು ಕನ್ನಡಕ ಹಾಕಬೇಡಿ. ಮರದ ನೆರಳಿನಲ್ಲಿ ಬಿಸಿಲು ಚುಕ್ಕೆಚುಕ್ಕೆಯಾಗಿ ಬಿದ್ದಿರುತ್ತದೆ. ಯಾವುದು ನೆರಳು, ಯಾವುದು ಗುಂಡಿ ಅಂತ ಗೊತ್ತೇ ಆಗಲ್ಲ. ನಾನು ನೆರಳು ಅಂದುಕೊಂಡು ಹೋದದ್ದು ಮೊಣಕಾಲುದ್ದ ಗುಂಡಿ. ಸಂಜೆಯೂ ಅಷ್ಟೇ, ಬಯಲಿನಲ್ಲಿ ಇನ್ನೂ ಬೆಳಕಿರುವಾಗಲೇ ಮರದ ಕೆಳಗೆ ಕತ್ತಲಾಗಿರುತ್ತದೆ.

ಬೆಲ್_ಹೊಡಿ

ನಡೆದು ಹೋಗುವವರು ಮುಂದೆ ಸಿಕ್ಕರೆ ದೂರದಿಂದಲೇ ಬೆಲ್ ಹೊಡೆಯಿರಿ. ಹಿಂದೆ ಬಂದು ‘ಟಿಂಗ್’ ಅಂದರೆ ಗಾಬರಿಯಾಗಿ ಅಡ್ಡಡ್ಡ ಓಡುತ್ತಾರೆ.

ಗೇರಿಲ್ಲದವ

ಹೆಸರಿಗೆ ತಕ್ಕ ಮಾತು. ಕಾಡಿಗೆ ಬರುವುದೇ ಸದ್ದಿಲ್ಲದಿರಲಿ ಅಂತ, ಅಲ್ಲೂ ಟಿಂಗ್ ಟಿಂಗ್. ಹಕ್ಕಿಗಳ ಗತಿ?

ಬೆಲ್_ಹೊಡಿ

ಹಕ್ಕಿಗೆ ಹೊಡಿ ಅನ್ನಲಿಲ್ಲ, ಮನುಷ್ಯರಿಗೆ. ನಿಮ್ಮ ಮಗಳು ಕೂಗಿಕೊಂಡು ಇಳಿದಾಗ ಹಕ್ಕಿ ಭಜನೆ ಮಾಡುತ್ತಿತ್ತಾ?

ಗೇರಿಲ್ಲದವ

ಕೂಗಿದ್ದು ಇಬ್ಬರ_ಅಮ್ಮ ಅವರ ಮಗಳು. ನನಗೆ ಮಕ್ಕಳೇ ಇಲ್ಲ.

ನಕ್ಷೆಪ್ರಿಯ

ಮಕ್ಕಳೇ ಇಲ್ಲದವರು ಮಕ್ಕಳ ಸೈಕಲ್ಲಿನ ತೂಕ ಹಾಕಿದ್ದು ಹೇಗೆ ಮಾರಾಯ್ರೇ?

ಗೇರಿಲ್ಲದವ

ರಿಪೇರಿ ಮಾಡುವುದೇ ನನ್ನ ಕೆಲಸ. ದಿನಕ್ಕೆ ಹತ್ತು ಸಲ ಎತ್ತಿ ಕೊಕ್ಕೆಗೆ ನೇತು ಹಾಕುತ್ತೇನೆ. ತಕ್ಕಡಿ ಬೇಡ, ಸೊಂಟವೇ ಹೇಳುತ್ತದೆ.

ಚಿಕ್ಕಪ್ಪ_ನಾನು

ವಿಷಯಕ್ಕೆ ಬರೋಣ. ಅಡ್ಡಚಕ್ರ ಹಾಕಿದ ಸೈಕಲ್ಲನ್ನು ಕಾಡಿಗೆ ತರಬಹುದಾ? ಇನ್ನೊಬ್ಬನಿಗೆ 4 ವರ್ಷ.

ಹಳೆ_ಚೈನ್

ಬೇಡ. ನೆಲ ಏರುಪೇರಾದರೆ ಅಡ್ಡಚಕ್ರಗಳ ಮೇಲೆ ಭಾರ ಬಿದ್ದು ಹಿಂದಿನ ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗುತ್ತದೆ. ಹಿಂದಿನ ಬ್ರೇಕೂ ಹಿಡಿಯಲ್ಲ. ಪೆಡಲ್ ಇಲ್ಲದ, ಕಾಲಲ್ಲಿ ಒದ್ದುಕೊಂಡು ಹೋಗುವ ಬ್ಯಾಲೆನ್ಸ್ ಸೈಕಲ್ ಕೊಡಿ. ಅದಕ್ಕೂ ಕಾಡಿಗೂ ಹಳೇ ನಂಟು. ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಅನ್ನುವವರು 1817ರಲ್ಲಿ ಎರಡು ಚಕ್ರದ ಮೊದಲ ಗಾಡಿಯನ್ನು ಮಾನ್‌ಹೈಮ್ ಊರಿನಿಂದ ಓಡಿಸಿಕೊಂಡು ಹೋದರು. ಅದಕ್ಕೆ ಪೆಡಲ್ ಇರಲಿಲ್ಲ, ಕಾಲಲ್ಲಿ ಒದೆಯುವುದೇ. ಅವರ ಉದ್ಯೋಗ ಏನು ಗೊತ್ತಾ? ಅರಣ್ಯಾಧಿಕಾರಿ.

ಕಾಡಂಚು

ಇದು ನನಗೆ ಗೊತ್ತಿರಲಿಲ್ಲ! ನಾಳೆ ಕೆಲಸದ ಜಾಗದಲ್ಲಿ ಎಲ್ಲರಿಗೂ ಹೇಳುತ್ತೇನೆ. ಸೈಕಲ್ಲಿನವರು ಇನ್ನು ನಮಗೆ ಬಾಡಿಗೆ ಕೊಡಬೇಕು.

ಮೂರ್_ಚಕ್ರ

ಇಷ್ಟೆಲ್ಲ ಜಗಳದ ನಡುವೆ ಒಂದು ಒಳ್ಳೆ ಉದಾಹರಣೆ. ನೆದರ್ಲೆಂಡ್ಸ್‌ನಲ್ಲಿ ಹೋಗೆ ವೆಲುವೆ ಅಂತ ರಾಷ್ಟ್ರೀಯ ಉದ್ಯಾನ ಇದೆ. ಒಳಗೆ ಹೋದವರಿಗೆ ಬಿಳಿ ಸೈಕಲ್ ಪುಕ್ಕಟೆ. ಸುಮಾರು 1,800 ಸೈಕಲ್, 40 ಕಿ.ಮೀ.ಗಿಂತ ಹೆಚ್ಚು ಸೈಕಲ್ ದಾರಿ. ಮಕ್ಕಳ ಅಳತೆಯವೂ ಇವೆ, ಮಕ್ಕಳ ಸೀಟಿರುವವೂ ಇವೆ. ಎಲ್ಲಿ ಬೇಕೋ ಇಳಿದು ನಿಲ್ಲಿಸಿ ನಡೆಯಬಹುದು. ಕುಟುಂಬದ ದಾರಿ ಅಂದರೆ ಹೀಗಿರಬೇಕು.

ಜಲ್ಲಿರಸ್ತೆ

ಅದು ಚಪ್ಪಟೆ ದೇಶ ಸ್ವಾಮಿ. ಅಲ್ಲಿ ಏರೇ ಇಲ್ಲ.

ನಕ್ಷೆಪ್ರಿಯ

ಗುಡ್ಡದ ನಾಡಿನಲ್ಲೂ ಉಪಾಯ ಇದೆ. ಹಳೇ ರೈಲು ಹಳಿ ಕಿತ್ತ ದಾರಿ ಹುಡುಕಿ. ರೈಲಿಗೆ ಕಡಿದಾದ ಏರು ಆಗಲ್ಲ, ನೂರಕ್ಕೆ ಎರಡೋ ಮೂರೋ ಮೀರುವುದು ಅಪರೂಪ. ಎಂಜಿನಿಯರುಗಳು ಆಗಲೇ ಗುಡ್ಡ ಕೊರೆದು, ಕಣಿವೆ ತುಂಬಿ ಇಟ್ಟಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್‌ನ ಎಲ್ರಾಯ್–ಸ್ಪಾರ್ಟಾ ದಾರಿ 1960ರ ದಶಕದಲ್ಲೇ ಹಾಗೆ ಆದದ್ದು. 50 ಕಿ.ಮೀ. ಚಿಲ್ಲರೆ, ಮೂರು ಸುರಂಗ. ಉದ್ದದ ಸುರಂಗ ಒಂದು ಕಿ.ಮೀ.ಗಿಂತ ಹೆಚ್ಚು. ಒಳಗೆ ಸೈಕಲ್ಲಿನಿಂದ ಇಳಿದು ಟಾರ್ಚ್ ಹಿಡಿದು ನಡೆಯಬೇಕು. ಮಕ್ಕಳಿಗೆ ಆ ಸುರಂಗದ ಮಜಾಕ್ಕೆ ಯಾವ ಇಳಿತವೂ ಸಾಟಿಯಲ್ಲ.

ಅಜ್ಜಿ_63

ಹೆಲ್ಮೆಟ್ ಬಗ್ಗೆ ಹೇಳಲು ಮರೆತೆ. ಮರ ಹತ್ತಲು, ಜೋಕಾಲಿ ಆಡಲು ಹೋಗುವಾಗ ಮಗುವಿನ ಹೆಲ್ಮೆಟ್ ಕಳಚಿಡಿ. ಪಟ್ಟಿ ಕೊಂಬೆಗೆ ಸಿಕ್ಕಿದರೆ ಕುತ್ತಿಗೆ ಬಿಗಿಯುತ್ತದೆ.

ಹಳೆ_ಚೈನ್

ಅಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೇ ಯುರೋಪಿನಲ್ಲಿ ಚಿಕ್ಕ ಮಕ್ಕಳ ಹೆಲ್ಮೆಟ್ಟಿಗೆ ಬೇರೆ ಮಾನದಂಡ ಇದೆ, ಇಎನ್ 1080. ಪಟ್ಟಿ ಜೋರಾಗಿ ಎಳೆದರೆ ಬಕಲ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಸಾದಾ ಸೈಕಲ್ ಹೆಲ್ಮೆಟ್ಟಿನದು ಇಎನ್ 1078, ಅದು ಬಿಡಲ್ಲ. ಹಾಕುವಾಗ ಹುಬ್ಬಿನ ಮೇಲೆ ಎರಡು ಬೆರಳು ಜಾಗ ಇರಲಿ. ಎಷ್ಟೋ ಮಕ್ಕಳು ಟೋಪಿಯ ಹಾಗೆ ಹಿಂದಕ್ಕೆ ಸರಿಸಿಕೊಂಡಿರುತ್ತಾರೆ, ಬಿದ್ದರೆ ಹಣೆಯೇ ಮೊದಲು.

ಕಾಡಂಚು

ಮನೆಗೆ ಹೋದ ಮೇಲೆ ಉಣ್ಣಿ ನೋಡಿ. ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ, ಕೂದಲೊಳಗೆ. ಕಚ್ಚಿಕೊಂಡಿದ್ದರೆ ಎಣ್ಣೆ, ಬೆಂಕಿ ಏನೂ ಬೇಡ. ಸಣ್ಣ ಮೂತಿಯ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಆಮೇಲೆ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಹೇಳಿ.

ಜಲ್ಲಿರಸ್ತೆ

ಕೊನೆಗೆ ಎಷ್ಟು ಕಿ.ಮೀ. ಹೋಗಬಹುದು ಅಂತ ಯಾರೂ ಹೇಳಲಿಲ್ಲ.

ನಿಧಾನಸ್ಥ

ಮಗು ಇನ್ನೂ ನಗುತ್ತಿರುವಾಗಲೇ ವಾಪಸ್ ತಿರುಗುವಷ್ಟು. ನಮ್ಮ ಮನೆಯಲ್ಲಿ ಅದು ಕೆಲವು ಸಲ 9, ಒಂದು ಸಲ 800 ಮೀಟರ್. ಆ 800 ಮೀಟರಿನ ದಿನ ಒಂದು ಇರುವೆ ಸಾಲು ಸಿಕ್ಕಿತ್ತು, ಎರಡು ಗಂಟೆ ಅಲ್ಲೇ ಕೂತೆವು. ಅದೂ ಸೈಕಲ್ ಪ್ರವಾಸವೇ.

ಜಲ್ಲಿರಸ್ತೆ

800 ಮೀಟರಿಗೆ ಗಾಡಿ ಮೇಲೆ ಸೈಕಲ್ ಕಟ್ಟೋದಕ್ಕೇ ಅರ್ಧ ಗಂಟೆ ಬೇಕು!

ನಿಧಾನಸ್ಥ

ನನ್ನ ಹೆಸರು ನೋಡಿ ಸರ್.

ಇಬ್ಬರ_ಅಮ್ಮ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಅದೇ ಕಾಡಿಗೆ ಮತ್ತೆ ಹೋದೆವು. ನಕ್ಷೆಪ್ರಿಯ ಅವರ ಮಾತಿನಂತೆ ಗೆರೆ ಎಣಿಸಿದೆ. ಈ ಸಲ ಕೆಳಗಿನ ಬಾಗಿಲಿನಿಂದ ಶುರು ಮಾಡಿದೆವು. ಮೊದಲು ನಿಧಾನ ಏರು, ಬರುವಾಗ ಇಳಿತ. ಸೀಟು ಎರಡು ಬೆರಳು ಏರಿಸಿದ್ದೆ, ಟಯರ್ ಗಾಳಿ ಇಳಿಸಿದ್ದೆ, ಬ್ರೇಕ್ ಸ್ಕ್ರೂ ತಿರುಗಿಸಿದ್ದೆ. ನಿಜ ಹೇಳಬೇಕೆಂದರೆ ಅವಳಿಗೆ ಇಷ್ಟು ದಿನ ಹಿಂದಿನ ಬ್ರೇಕ್ ಎಟುಕುತ್ತಲೇ ಇರಲಿಲ್ಲವಂತೆ. ಒಂದು ದಿನವೂ ಹೇಳಿರಲಿಲ್ಲ.

ಎರಡೂವರೆ ಕಿ.ಮೀ.ಗೆ ‘ಸಾಕು’ ಅಂದಳು. ನಾನು ಬಾಯಿ ತೆರೆಯುವ ಮೊದಲೇ ಇವರು ಸೈಕಲ್ ತಿರುಗಿಸಿಬಿಟ್ಟಿದ್ದರು. ಬರುವಾಗ ಕಾಲು ಅಗಲಿಸಿಕೊಂಡು ಮತ್ತೆ ಕೂಗು. ಕೆಳಗೆ ಬಂದು ‘ಇನ್ನೊಂದು ಸಲ’ ಅಂದಳು. ಇನ್ನೊಂದು ಸಲವೂ ಹೋದೆವು. ಜಲ್ಲಿರಸ್ತೆ ಅವರೇ, ಕೂಡಿದರೆ 10 ಆಯಿತು.

ಒಂದೇ ಬೇಜಾರು. ಚಿಕ್ಕವನ ಒಂದು ಶೂ ಎಲ್ಲೋ ಬಿದ್ದುಹೋಗಿದೆ.

ಅಜ್ಜಿ_63

ಕಾಲಿನ ಪಟ್ಟಿ ಹಾಕಿರಲಿಲ್ವಾ ಕಂದಾ?

ಇಬ್ಬರ_ಅಮ್ಮ

ಹಾಕಿದ್ದೆ ಅಜ್ಜಿ. ಪಟ್ಟಿ ಇದೆ, ಕಾಲಿದೆ, ಶೂ ಮಾತ್ರ ಇಲ್ಲ.

ಕಾಡಂಚು

ಯಾವ ಬಣ್ಣ?